ಹೊತ್ತಿಗೆ ಸರಿಯಾಗಿ ಬಂದ ಬಸ್ಸು

ನಮ್ಮೂರಿನ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಬೆಳಗಿನ ಬಸ್ಸಿನ ಹೊತ್ತು 6.15 ಎಂದು ಬರೆದಿತ್ತು. ಬಸ್ಸು ಬರುತ್ತಿದ್ದದ್ದು ಆರೂವರೆಗೆ. ವರ್ಷಗಟ್ಟಲೆ ಹೀಗೇ ನಡೆದು, ಡೈರಿಗೆ ಹಾಲು ಹಾಕಿ, ಮನೆಗೆ ಬಂದು ಕಾಫಿ ಕುಡಿದು, ಆರೂ ಇಪ್ಪತ್ತಕ್ಕೆ ಚಪ್ಪಲಿ ಮೆಟ್ಟುವುದು ಊರಿಗೆಲ್ಲ ಅಭ್ಯಾಸವಾಗಿತ್ತು. ಒಂದು ದಿನ ಹೊಸ ಡ್ರೈವರು ಬಂದ. ಬಸ್ಸು ಆರೂಕಾಲಿಗೆ ಬಂತು, ನಿಂತಿತು, ಹೋಯಿತು. ಅವತ್ತು ಸ್ಟ್ಯಾಂಡಿನಲ್ಲಿ ಉಳಿದುಹೋದ ಅರ್ಧ ಊರು ಡ್ರೈವರಿಗೆ ಬೈಯಿತು. ಗೋಡೆಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಆ ಬಸ್ಸು ನನಗೆ ಪದೇ ಪದೇ ನೆನಪಾಗುವ ಒಂದು ಸಂದರ್ಭವಿದೆ. ಡೇಟಾಬೇಸ್ ಲೈಬ್ರರಿಯ ಹೊಸ ಆವೃತ್ತಿ ಹಾಕಿದ ಮರುದಿನ ಬೆಳಿಗ್ಗೆ ಪರದೆಯ ತುಂಬ ಕೆಂಪು ಸಾಲು. ನಿನ್ನೆ ಸಂಜೆ ಹಸಿರಾಗಿದ್ದ ಟೆಸ್ಟುಗಳಲ್ಲಿ ಮುನ್ನೂರೋ ನಾನೂರೋ ಫೇಲ್. ಪಕ್ಕದ ಮೇಜಿನ ಹುಡುಗ ಕುರ್ಚಿ ತಿರುಗಿಸಿ ಹೇಳುತ್ತಾನೆ: “ನಾನೇನೂ ಮುಟ್ಟಿಲ್ಲ ಸರ್, ನಿನ್ನೆ ಎಲ್ಲಾ ಪಾಸಾಗ್ತಿತ್ತು.” ಅವನು ಹೇಳುವುದು ನಿಜ. ಅವನ ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾದವನು ಡ್ರೈವರು.

ಈ ಕಸುಬಿನ ಹೊರಗಿರುವವರಿಗಾಗಿ ಎರಡು ಮಾತು. ಯಾವ ತಂತ್ರಾಂಶವೂ ಡೇಟಾಬೇಸಿನ ಜೊತೆ ನೇರವಾಗಿ ಮಾತಾಡುವುದು ಕಡಿಮೆ. ನಡುವೆ ದುಭಾಷಿಯ ಹಾಗೆ ಒಂದು ಲೈಬ್ರರಿ ಇರುತ್ತದೆ. ಅದನ್ನು ಬರೆಯುವವರು ಬೇರೆ, ಬಳಸುವವರು ಬೇರೆ. ಟೆಸ್ಟ್ ಎಂದರೆ ನಮ್ಮ ಕೋಡು ಹೇಳಿದ ಹಾಗೆ ನಡೆಯುತ್ತಿದೆಯೇ ಎಂದು ನೋಡಲು ನಾವೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ. ದೊಡ್ಡ ಕೆಲಸಗಳಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ, ಪ್ರತಿ ಬದಲಾವಣೆಯ ಹಿಂದೆಯೂ ತಾವಾಗಿ ಓಡುತ್ತವೆ. ಪಾಸಾದರೆ ಹಸಿರು, ಫೇಲಾದರೆ ಕೆಂಪು.

ಅಂಥ ಬೆಳಿಗ್ಗೆ ಮೂರು ಸಲಹೆ ಬರುತ್ತವೆ. ಹಳೇ ವರ್ಷನ್ನಿಗೇ ಹೋಗೋಣ. ಟೆಸ್ಟಿನಲ್ಲಿರುವ ಉತ್ತರವನ್ನೇ ತಿದ್ದೋಣ. ಲೈಬ್ರರಿ ಮಾಡಿದವರಿಗೆ ದೂರು ಕೊಡೋಣ. ಮೂರೂ ಒಂದೊಂದು ಸಂದರ್ಭಕ್ಕೆ ಸರಿಯಾದ ಮದ್ದೇ. ನನ್ನ ತಕರಾರಿರುವುದು ರೋಗ ಯಾವುದೆಂದು ತಿಳಿಯುವ ಮುಂಚೆಯೇ ಮದ್ದು ಕುಡಿಸುವುದರ ಬಗ್ಗೆ. ಟೆಸ್ಟು ಯಾಕೆ ಕೆಂಪಾಯಿತು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಬರುವವರೆಗೆ ಅದನ್ನು ಹಸಿರು ಮಾಡಲು ಕೈ ಹಾಕಬಾರದು. ಆ ವಾಕ್ಯದಲ್ಲಿ ಒಂದು ಪ್ರಶ್ನೆಗೆ ಉತ್ತರ ಇರಲೇಬೇಕು: ಹೊಸ ಆವೃತ್ತಿ ಮುರಿದದ್ದು ಕರಾರನ್ನೋ, ಬರೀ ರೂಢಿಯನ್ನೋ? ಗೋಡೆಯ ಮೇಲೆ ಬರೆದದ್ದು ಕರಾರು. ಆರೂವರೆ ನಮ್ಮ ರೂಢಿ.

ಇದು ಹೇಳುವಷ್ಟು ಸುಲಭವಲ್ಲ ಎನ್ನುವುದಕ್ಕೆ ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. 2021ರ ಜೂನ್‌ನಲ್ಲಿ ಸೈಕಾಪ್‌ಜಿ2 ಎಂಬ ಲೈಬ್ರರಿಯ 2.9ನೆಯ ಆವೃತ್ತಿ ಬಂತು. ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂಗಳು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಜೊತೆ ಮಾತಾಡಲು ಬಹಳವಾಗಿ ನೆಚ್ಚಿಕೊಂಡಿದ್ದ ದುಭಾಷಿ ಅದು. ಆಗ ಎಷ್ಟೋ ಕಡೆ ಜಾಂಗೋ ಎಂಬ ವೆಬ್ ಚೌಕಟ್ಟಿನ 2.2ನೆಯ ಆವೃತ್ತಿ ಬಳಕೆಯಲ್ಲಿತ್ತು. ಎರಡನ್ನೂ ಜೊತೆಗಿಟ್ಟು ಟೆಸ್ಟ್ ಓಡಿಸಿದರೆ ಸಾಲುಸಾಲಾಗಿ ಒಂದೇ ದೂರು: ಡೇಟಾಬೇಸ್ ಸಂಪರ್ಕವು ಯುಟಿಸಿ ಎಂಬ ವಿಶ್ವ ಸಮಯಕ್ಕೆ ಹೊಂದಿಕೊಂಡಿಲ್ಲ.

ಓದಿದವರು ಏನು ಮಾಡುತ್ತಾರೆ? ನಾವು ಮಾಡಿದ್ದನ್ನೇ. ಡೇಟಾಬೇಸಿನ ಸಮಯವಲಯ ನೋಡಿದೆವು, ಯುಟಿಸಿ ಎಂದೇ ಇತ್ತು. ಜಾಂಗೋದ ಸೆಟ್ಟಿಂಗ್ ನೋಡಿದೆವು, ಸರಿಯಾಗಿತ್ತು. ಸರ್ವರಿನ ಗಡಿಯಾರ, ಕಂಟೇನರಿನ ಗಡಿಯಾರ, ಕೊನೆಗೆ ಲ್ಯಾಪ್‌ಟಾಪಿನ ಗಡಿಯಾರ ಕೂಡ ನೋಡಿದೆವು. ಅರ್ಧ ದಿನ ಹೋಯಿತು. ಗಡಿಯಾರಗಳಲ್ಲಿ ಯಾವ ದೋಷವೂ ಇರಲಿಲ್ಲ.

ದೋಷವಿದ್ದದ್ದು ಸೊನ್ನೆಯಲ್ಲಿ. ಡೇಟಾಬೇಸಿನಿಂದ ಬಂದ ಸಮಯವು ಯುಟಿಸಿಗಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂಬುದನ್ನು ಲೈಬ್ರರಿ ಜಾಂಗೋಗೆ ಹೇಳಬೇಕು. ಮುಂಚೆಲ್ಲ ಅದನ್ನು ನಿಮಿಷಗಳ ಲೆಕ್ಕದಲ್ಲಿ ಬರೀ ಅಂಕಿಯಾಗಿ ಕೊಡುತ್ತಿತ್ತು. ಜಾಂಗೋದ ಒಳಗೆ ಒಂದು ಸಾಲು ಕಾವಲು ಕೂತಿತ್ತು: ಬಂದದ್ದು ಸೊನ್ನೆ ಅಲ್ಲದಿದ್ದರೆ ಕೂಗು. 2.9ನೆಯ ಆವೃತ್ತಿ ಅದೇ ವಿಷಯವನ್ನು ಅಂಕಿಯ ಬದಲು ಪೈಥಾನ್‌ನ ‘ಅವಧಿ’ ಎಂಬ ವಸ್ತುವಾಗಿ ಕೊಡತೊಡಗಿತು. ಸೊನ್ನೆ ಉದ್ದದ ಅವಧಿ. ಖಾಲಿ ಸೇರನ್ನು ಮುಂದಿಟ್ಟು ‘ಇದು ಸೊನ್ನೆಯೇ?’ ಎಂದು ಕೇಳಿದರೆ ಪೈಥಾನ್ ‘ಅಲ್ಲ, ಇದು ಸೇರು’ ಎನ್ನುತ್ತದೆ. ಕಾವಲಿನ ಸಾಲು ಕೂಗಿಕೊಂಡಿತು. ಸಮಯ ಸರಿಯಾಗಿಯೇ ಇತ್ತು, ಸಮಯ ತಪ್ಪಿದೆ ಎಂಬ ಕೂಗು ಮಾತ್ರ ಎದ್ದಿತು.

ಲೈಬ್ರರಿ ಯಾಕೆ ಹೀಗೆ ಬದಲಾಯಿತು ಎಂದು ಕೆದಕಿದರೆ ನಮ್ಮ ಕಡೆಯದೇ ಒಂದು ಕಥೆ ಸಿಗುತ್ತದೆ. ಇವತ್ತಿನ ಸಮಯವಲಯಗಳನ್ನೆಲ್ಲ ಗಂಟೆ ನಿಮಿಷಗಳಲ್ಲಿ ಹೇಳಬಹುದು, ಹಳೆಯವು ಹಾಗಲ್ಲ. 1906ರಲ್ಲಿ ಭಾರತೀಯ ಕಾಲಮಾನ ಬರುವ ಮುಂಚೆ ದಕ್ಷಿಣದ ರೈಲುಗಳಿಗೆ ಮದ್ರಾಸ್ ಸಮಯವೇ ಗತಿಯಾಗಿತ್ತು. ಕಂಪ್ಯೂಟರುಗಳು ಬಳಸುವ ಸಮಯವಲಯ ಪಟ್ಟಿಯ ಪ್ರಕಾರ ಅದು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದೆ. ಆ 10 ಸೆಕೆಂಡನ್ನು ಹಳೆಯ ಆವೃತ್ತಿಗಳು ಹತ್ತಿರದ ನಿಮಿಷಕ್ಕೆ ದುಂಡುಮಾಡಿ ಕೈಬಿಡುತ್ತಿದ್ದವು. 2.9 ಅದನ್ನು ಉಳಿಸಿಕೊಳ್ಳಲು ಕಲಿಯಿತು. ಹೊಸ ಡ್ರೈವರು ಮಾಡಿದ್ದು ತಪ್ಪಲ್ಲ, ಗಡಿಯಾರ ನೋಡಿ ಬಸ್ಸು ಬಿಟ್ಟ ಅಷ್ಟೆ.

ಈ ಪ್ರಕರಣದಿಂದ ನಾನು ಕಲಿತ ಮೊದಲ ಪಾಠ: ದೋಷದ ಸಂದೇಶವನ್ನು ಸಾಕ್ಷಿಯ ಮಾತಿನಂತೆ ಕೇಳಬೇಕು, ತೀರ್ಪಿನಂತೆ ಕೇಳಬಾರದು. ಸಾಕ್ಷಿ ತಾನು ಕಂಡದ್ದನ್ನು ಹೇಳುತ್ತಾನೆ, ಅದಕ್ಕೆ ತನ್ನದೊಂದು ಅರ್ಥವನ್ನೂ ಅಂಟಿಸಿರುತ್ತಾನೆ. ‘ಬಂದದ್ದು ಸೊನ್ನೆಗೆ ಸಮನಾಗಲಿಲ್ಲ’ ಎನ್ನುವುದು ಕಂಡದ್ದು. ‘ಸಂಪರ್ಕವು ಯುಟಿಸಿಯಲ್ಲಿಲ್ಲ’ ಎನ್ನುವುದು ಆ ಸಾಲು ಬರೆದವರು ಎಷ್ಟೋ ವರ್ಷ ಹಿಂದೆ ಅಂಟಿಸಿದ ಅರ್ಥ. ನಾವು ಅರ್ಧ ದಿನ ಬೆನ್ನು ಹತ್ತಿದ್ದು ಅರ್ಥವನ್ನು. ಆ ಸಂದೇಶ ಯಾವ ಸಾಲಿನಿಂದ ಹೊರಟಿತೋ ಅಲ್ಲಿಗೆ ಹೋಗಿ, ಅಲ್ಲಿ ನಿಜವಾಗಿ ಏನು ಬಂತು ಎಂದು ಒಮ್ಮೆ ಮುದ್ರಿಸಿ ನೋಡಿದ್ದರೆ ಹತ್ತು ನಿಮಿಷದ ಕೆಲಸ.

ಎರಡನೆಯ ಪಾಠ ಎಣಿಕೆಯದು. ಮುನ್ನೂರು ಟೆಸ್ಟು ಫೇಲಾದರೆ ಮುನ್ನೂರು ರೋಗವಿದೆ ಎಂದಲ್ಲ. ಲಾಗಿನ್ ಆಗುವ ಬಳಕೆದಾರನ ದಾಖಲೆಯಲ್ಲಿ ಒಂದು ಸಮಯ ಇದ್ದೇ ಇರುತ್ತದೆ. ಹಾಗಾಗಿ ಲಾಗಿನ್ ಬೇಕಾದ ಟೆಸ್ಟುಗಳೆಲ್ಲ ಒಟ್ಟಿಗೆ ಮಲಗಿದವು. ಒಂದೇ ಬಗೆಯಲ್ಲಿ ಬಿದ್ದವುಗಳನ್ನು ಒಂದು ಗುಂಪು ಮಾಡಿ, ಪ್ರತಿ ಗುಂಪಿನಿಂದ ಎಲ್ಲಕ್ಕಿಂತ ಚಿಕ್ಕ ಟೆಸ್ಟನ್ನು ಎತ್ತಿಕೊಂಡರೆ ಕೈಯಲ್ಲಿ ಉಳಿಯುವುದು ನಾಲ್ಕೋ ಐದೋ. ಮುನ್ನೂರನ್ನು ಕಂಡು ಗಾಬರಿಯಾದವರು ಬೆಳಿಗ್ಗೆಯೇ ಹಳೇ ಆವೃತ್ತಿಗೆ ಓಡುತ್ತಾರೆ. ನಾಲ್ಕನ್ನು ಕಂಡವರು ಕೂತು ಯೋಚಿಸುತ್ತಾರೆ.

ಇನ್ನು ಹುಡುಕುವ ಬಗೆ. ಹಳ್ಳಿಯಲ್ಲಿ ಕರೆಂಟು ಹೋದಾಗ ಲೈನ್‌ಮನ್ ಮೂವತ್ತು ಕಂಬಗಳನ್ನೂ ಹತ್ತುವುದಿಲ್ಲ. ನಡುವಿನ ಕಂಬದಲ್ಲಿ ಜಂಪರ್ ಬಿಚ್ಚಿ, ಲೈನು ಚಾರ್ಜ್ ಮಾಡಿ ನೋಡುತ್ತಾನೆ. ಟ್ರಿಪ್ ಆಗದೆ ನಿಂತರೆ ದೋಷ ಆಚೆಗಿದೆ, ಟ್ರಿಪ್ ಆದರೆ ಈಚೆಗೆ. ಮತ್ತೆ ಆ ಅರ್ಧದ ನಡುವಿಗೆ. ನಾಲ್ಕೈದು ಕಂಬದಲ್ಲಿ ಕೆಲಸ ಮುಗಿಯುತ್ತದೆ. ಹೊಸ ಆವೃತ್ತಿಯ ಗಲಾಟೆಯನ್ನು ಹುಡುಕುವುದೂ ಹೀಗೆಯೇ. 3.0ರಿಂದ 3.8ಕ್ಕೆ ಒಂದೇ ನೆಗೆತ ಹಾಕಿದ್ದರೆ ನಡುವಿನ 3.4ನ್ನು ಹಾಕಿ ನೋಡಬೇಕು. ಯಾವ ಆವೃತ್ತಿಯೆಂದು ತಿಳಿದ ಮೇಲೆ ಅದರೊಳಗಿನ ಬದಲಾವಣೆಗಳನ್ನು ಮತ್ತೆ ಅರ್ಧರ್ಧ ಮಾಡಬೇಕು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇದಕ್ಕೆಂದೇ ಬೈಸೆಕ್ಟ್ ಎಂಬ ಆಜ್ಞೆಯಿದೆ. ಸಾವಿರ ಬದಲಾವಣೆಗಳಿದ್ದರೂ ಹತ್ತು ಸಲ ನೋಡಿದರೆ ಸಾಕು.

ನಮ್ಮ ಹುಡುಗನ ‘ನಿನ್ನೆ ಪಾಸಾಗ್ತಿತ್ತು’ ಎಂಬ ಮಾತಿಗೆ ಶಾಸ್ತ್ರದ ಗೌರವವೂ ಇದೆ. ಜರ್ಮನಿಯ ಸಂಶೋಧಕ ಆಂಡ್ರಿಯಾಸ್ ಝೆಲ್ಲರ್ 1999ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ, ಸರಿಸುಮಾರಾಗಿ, ‘ನಿನ್ನೆ ನನ್ನ ಪ್ರೋಗ್ರಾಂ ನಡೆಯುತ್ತಿತ್ತು, ಇವತ್ತು ಇಲ್ಲ, ಯಾಕೆ?’ ಎಂದು. ದೋಷ ಹುಡುಕುವ ಜಿಡಿಬಿ ಎಂಬ ಸಾಧನದ ಹೊಸ ಆವೃತ್ತಿ ಹಾಕಿದ ಮೇಲೆ ಅದನ್ನು ನೆಚ್ಚಿಕೊಂಡಿದ್ದ ಡಿಡಿಡಿ ಎಂಬ ಇನ್ನೊಂದು ತಂತ್ರಾಂಶ ಕೆಟ್ಟಿತು. ಬದಲಾಗಿದ್ದದ್ದು 1,78,000 ಸಾಲು. ಲೆಕ್ಕದ ಪ್ರಕಾರ ಹದಿನೆಂಟು ಸಲ ಅರ್ಧ ಮಾಡಿದರೆ ಒಂದು ಸಾಲಿಗೆ ಬಂದುಬಿಡಬೇಕು. ಆದರೆ ಬೇಕಾಬಿಟ್ಟಿ ಕತ್ತರಿಸಿದ ಅರ್ಧ ಕೋಡು ಓಡುವುದೇ ಇಲ್ಲವಲ್ಲ. ಆ ತೊಡಕನ್ನೂ ನಿಭಾಯಿಸುವ ವಿಧಾನವನ್ನು ಝೆಲ್ಲರ್ ಕಟ್ಟಿದರು. ಯಂತ್ರ ಕೆಲವೇ ಗಂಟೆಗಳಲ್ಲಿ ತಪ್ಪಿತಸ್ಥ ಬದಲಾವಣೆಯನ್ನು ಹಿಡಿದುಕೊಟ್ಟಿತು. ಏನದು? ಜಿಡಿಬಿ ಮುದ್ರಿಸುತ್ತಿದ್ದ ಒಂದು ವಿವರಣೆಯಲ್ಲಿ ‘ಆರ್ಗ್ಯುಮೆಂಟ್ಸ್’ ಎಂದಿದ್ದದ್ದು ‘ಆರ್ಗ್ಯುಮೆಂಟ್ ಲಿಸ್ಟ್’ ಎಂದಾಗಿತ್ತು. ಮನುಷ್ಯರು ಓದಲೆಂದು ಬರೆದ ವಾಕ್ಯವನ್ನು ಡಿಡಿಡಿ ಅಕ್ಷರಶಃ ನಂಬಿಕೊಂಡಿತ್ತು. ಮತ್ತೆ ಅದೇ ಆರೂವರೆ ಬಸ್ಸು.

ಗೂಗಲ್‌ನಲ್ಲಿದ್ದ ಹೈರಮ್ ರೈಟ್ ಎಂಬ ಎಂಜಿನಿಯರರ ಹೆಸರಿನಲ್ಲಿ ಇದಕ್ಕೊಂದು ನಿಯಮವೇ ಚಾಲ್ತಿಯಲ್ಲಿದೆ. ಸಾರಾಂಶ ಇಷ್ಟು: ಬಳಸುವವರು ಹೆಚ್ಚಾದ ಹಾಗೆ, ನೀವು ಮಾತು ಕೊಟ್ಟಿರಲಿ ಬಿಡಲಿ, ನಿಮ್ಮ ತಂತ್ರಾಂಶದ ಪ್ರತಿ ನಡೆಗೂ ಜೋತುಬಿದ್ದವರೊಬ್ಬರು ಇದ್ದೇ ಇರುತ್ತಾರೆ. ಇದನ್ನು ಲೈಬ್ರರಿ ಬರೆಯುವವರಿಗೆ ಹೇಳುವ ಎಚ್ಚರಿಕೆಯಾಗಿ ಸಾಮಾನ್ಯವಾಗಿ ಓದುತ್ತಾರೆ. ನಾನು ಬಳಸುವವರಿಗೆ ಹೇಳಿದ ಮಾತಾಗಿ ಓದುತ್ತೇನೆ. ಆ ಜೋತುಬಿದ್ದವರು ನಾವೇ.

ಹಾಗೆಂದು ಎಲ್ಲ ಕೆಂಪಿಗೂ ಬಳಸುವವರೇ ಹೊಣೆ ಎಂದರೆ ಅನ್ಯಾಯವಾದೀತು. ಕರಾರು ಮತ್ತು ರೂಢಿಯ ನಡುವೆ ಮೂರು ಬಗೆಯನ್ನು ಬೇರ್ಪಡಿಸಬೇಕು, ಯಾಕೆಂದರೆ ಮೂರಕ್ಕೂ ಮದ್ದು ಬೇರೆ.

ಮೊದಲನೆಯದು, ಯಾರೂ ಎಂದೂ ಮಾತು ಕೊಟ್ಟಿರದ ವಿಷಯ. ಡೇಟಾಬೇಸಿಗೆ ‘ಆರ್ಡರ್ ಬೈ’ ಎಂದು ಹೇಳದೆ ಸಾಲುಗಳನ್ನು ಕೇಳಿದರೆ ಯಾವ ಕ್ರಮದಲ್ಲಾದರೂ ಬರಬಹುದು. ಚಿಕ್ಕ ಕೋಷ್ಟಕದಲ್ಲಿ ಸಾಮಾನ್ಯವಾಗಿ ಹಾಕಿದ ಕ್ರಮದಲ್ಲೇ ಬರುತ್ತವೆ, ಟೆಸ್ಟಿನ ಕೋಷ್ಟಕ ಯಾವಾಗಲೂ ಚಿಕ್ಕದೇ, ಹೀಗಾಗಿ ವರ್ಷಗಟ್ಟಲೆ ಹಸಿರು. ಇಲ್ಲಿ ತಪ್ಪು ಪೂರ್ತಿ ನಮ್ಮದು.

ಎರಡನೆಯದು, ಕೊಟ್ಟ ಮಾತನ್ನು ಮುನ್ಸೂಚನೆ ಕೊಟ್ಟು ಹಿಂತೆಗೆದುಕೊಂಡದ್ದು. ಮೈಎಸ್‌ಕ್ಯೂಎಲ್ 5.7ರವರೆಗೆ ‘ಗ್ರೂಪ್ ಬೈ’ ಎಂದರೆ ಗುಂಪು ಮಾಡುವುದರ ಜೊತೆಗೆ ವಿಂಗಡಣೆಯೂ ಆಗುತ್ತಿತ್ತು. ಅದನ್ನು ನೆಚ್ಚಬೇಡಿ ಎಂದು ಕೈಪಿಡಿ ಹೇಳುತ್ತಿತ್ತು. 2018ರ 8.0 ಆವೃತ್ತಿಯಲ್ಲಿ ಅದು ನಿಂತೇಹೋಯಿತು. ಎಸ್‌ಕ್ಯೂಎಲ್ ಆಲ್ಕೆಮಿ ಎಂಬ ಪೈಥಾನ್ ಲೈಬ್ರರಿಯವರು ಇನ್ನೂ ಸೌಜನ್ಯ ತೋರಿದರು. 2023ರ ಜನವರಿಯಲ್ಲಿ ಬರಲಿದ್ದ 2.0ರ ಬದಲಾವಣೆಗಳ ಬಗ್ಗೆ 2021ರ 1.4 ಆವೃತ್ತಿಯಲ್ಲೇ ಎಚ್ಚರಿಕೆ ತೋರಿಸುವ ಸೌಕರ್ಯ ಇಟ್ಟರು. ಅದನ್ನು ಹಾಕಿಕೊಳ್ಳದೆ ನೇರ 2.0ಕ್ಕೆ ಹೋದವರಿಗೆ ವಿಚಿತ್ರ ಅನುಭವ. ಟೆಸ್ಟು ಒಂದು ಸಾಲನ್ನು ಸೇರಿಸುತ್ತದೆ, ಯಾವ ದೋಷವೂ ಇಲ್ಲ. ಮರುಗಳಿಗೆ ಎಣಿಸಿದರೆ ಸೊನ್ನೆ ಸಾಲು. ಮುಂಚೆ ಲೈಬ್ರರಿ ತಾನಾಗಿ ‘ಕಮಿಟ್’ ಮಾಡುತ್ತಿತ್ತು, ಅಂದರೆ ಬರೆದದ್ದನ್ನು ಗಟ್ಟಿ ಮಾಡುತ್ತಿತ್ತು. ಈಗ ನಾವೇ ಹೇಳಬೇಕು. ಹೇಳದಿದ್ದರೆ ಸಂಪರ್ಕ ಮುಚ್ಚಿದಾಗ ಬರೆದದ್ದು ಅಳಿಸಿಹೋಗುತ್ತದೆ. ಟೆಸ್ಟು ಬೀಳುವುದು ಎಣಿಸುವ ಸಾಲಿನಲ್ಲಿ, ಕಾರಣ ಇರುವುದು ಸೇರಿಸುವ ಸಾಲಿನಲ್ಲಿ. ಬಿದ್ದ ಜಾಗವನ್ನೇ ನೋಡುತ್ತ ಕೂತವರಿಗೆ ಇದು ಕಾಣುವುದಿಲ್ಲ. ಡೇಟಾಬೇಸಿಗೆ ನಿಜವಾಗಿ ಹೋದ ಆಜ್ಞೆಗಳನ್ನು ಲಾಗ್‌ನಲ್ಲಿ ಮುದ್ರಿಸಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರೆ ಒಂದು ಕಡೆ ‘ಕಮಿಟ್’, ಇನ್ನೊಂದು ಕಡೆ ‘ರೋಲ್‌ಬ್ಯಾಕ್’. ಅಲ್ಲಿಗೆ ಕಥೆ ಮುಗಿಯಿತು. ಇಂಥ ಕಡೆ ತಪ್ಪು ಹಂಚಿಕೆಯಾಗುತ್ತದೆ: ಅವರು ಬದಲಾಯಿಸಿದರು, ನಾವು ನೋಟೀಸು ಓದಲಿಲ್ಲ.

ಮೂರನೆಯದು, ಕೊಟ್ಟ ಮಾತನ್ನೇ ತಪ್ಪಿದ್ದು. ಇದೂ ಉಂಟು. ಬರವಣಿಗೆ ನಿಲ್ಲಿಸದೆ ಇಂಡೆಕ್ಸ್, ಅಂದರೆ ಸಾಲುಗಳನ್ನು ಬೇಗ ಹುಡುಕುವ ಸೂಚಿ, ಕಟ್ಟುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿದೆ. 14ನೆಯ ಆವೃತ್ತಿಯಲ್ಲಿ ಹಾಗೆ ಕಟ್ಟಿದ ಇಂಡೆಕ್ಸಿನಲ್ಲಿ ಕೆಲವು ಸಾಲುಗಳು ಬಿಟ್ಟುಹೋಗುವ ಸಾಧ್ಯತೆಯಿತ್ತು. 2022ರ ಜೂನ್‌ನಲ್ಲಿ 14.4 ಬಂದು ಅದನ್ನು ಸರಿಪಡಿಸಿತು. ಇದು ಪೂರ್ತಿ ಡೇಟಾಬೇಸಿನದೇ ದೋಷ, ದೂರು ಕೊಡುವ ಹಕ್ಕು ನಮಗಿದೆ. ಆದರೆ ಗಮನಿಸಿ, ಅಂಥ ದೋಷ ಕಾಣಿಸಿಕೊಳ್ಳಬೇಕಾದರೆ ಇಂಡೆಕ್ಸ್ ಕಟ್ಟುವ ಹೊತ್ತಿಗೇ ಇನ್ನೊಂದು ಕಡೆಯಿಂದ ಬರವಣಿಗೆ ನಡೆಯುತ್ತಿರಬೇಕು. ಸಾಮಾನ್ಯ ಟೆಸ್ಟುಗಳಲ್ಲಿ ಆ ಸನ್ನಿವೇಶವೇ ಇರುವುದಿಲ್ಲ, ಹಾಗಾಗಿ ಅವು ಹಸಿರಾಗಿಯೇ ಉಳಿಯುತ್ತವೆ. ಹೊಸ ಆವೃತ್ತಿ ಹಾಕಿದ ಮೇಲೆ ಕೆಂಪು ಕಂಡರೆ ಲೈಬ್ರರಿ ಕೆಟ್ಟಿದೆ, ಹಸಿರಿದ್ದರೆ ಎಲ್ಲ ಕ್ಷೇಮ ಎಂಬ ನಮ್ಮ ನಂಬಿಕೆ ಎರಡೂ ತುದಿಯಲ್ಲಿ ಸೋರುತ್ತದೆ.

ಯಾವ ಬಗೆಗೆ ಸೇರಿಸಬೇಕೆಂದು ಜಗಳ ಬೀಳುವ ಪ್ರಕರಣಗಳೂ ಇವೆ. 2018ರಲ್ಲಿ ಎಸ್‌ಕ್ಯೂಲೈಟ್ 3.26 ಬಂದಾಗ ಕೋಷ್ಟಕದ ಹೆಸರು ಬದಲಿಸಿದರೆ, ಬೇರೆ ಕೋಷ್ಟಕಗಳಲ್ಲಿ ಆ ಹೆಸರನ್ನು ತೋರುವ ಕೊಂಡಿಗಳೂ ತಾವಾಗಿ ಹೊಸ ಹೆಸರಿಗೆ ಹೊರಳತೊಡಗಿದವು. ಜಾಂಗೋ ಕೋಷ್ಟಕದ ರಚನೆ ಬದಲಿಸಲು ಹಳೆಯದಕ್ಕೆ ‘ಓಲ್ಡ್’ ಎಂಬ ಬಾಲ ಸೇರಿಸಿ ಪಕ್ಕಕ್ಕಿಟ್ಟು, ಹೊಸದನ್ನು ಕಟ್ಟಿ, ಹಳೆಯದನ್ನು ಅಳಿಸುತ್ತಿತ್ತು. ಈಗ ಕೊಂಡಿಗಳೆಲ್ಲ ಆ ಬಾಲದ ಹೆಸರಿನ ಹಿಂದೆ ಹೋಗಿ, ಅಳಿಸಿಹೋದ ಕೋಷ್ಟಕಕ್ಕೆ ಜೋತುಬಿದ್ದವು. ಎಸ್‌ಕ್ಯೂಲೈಟ್‌ನವರ ದೃಷ್ಟಿಯಲ್ಲಿ ಅದು ಸುಧಾರಣೆ. ಜಾಂಗೋ ಬಳಸುವವರ ಪಾಲಿಗೆ ಕೆಟ್ಟುಹೋದ ಡೇಟಾಬೇಸ್. ಇಬ್ಬರೂ ಬಗ್ಗಿದರು: ಎಸ್‌ಕ್ಯೂಲೈಟ್‌ನಲ್ಲಿ ಹಳೆಯ ನಡೆಯನ್ನು ಮರಳಿ ತರುವ ಒಂದು ಸ್ವಿಚ್ ಇದೆ, ಜಾಂಗೋ 2019ರ ಜನವರಿಯಲ್ಲಿ 2.1.5 ಬಿಟ್ಟು ತನ್ನ ಕಡೆಯಿಂದ ಸರಿಪಡಿಸಿಕೊಂಡಿತು. ತಪ್ಪು ಯಾರದೆಂಬ ತೀರ್ಮಾನಕ್ಕಿಂತ, ಆದದ್ದು ಏನೆಂಬ ಸ್ಪಷ್ಟತೆ ಇಲ್ಲಿ ಕೆಲಸಕ್ಕೆ ಬಂತು.

ಈಗ ಎರಡನೆಯ ಸಲಹೆಗೆ ಬರೋಣ: ಟೆಸ್ಟಿನ ಉತ್ತರವನ್ನೇ ತಿದ್ದುವುದು. ಕನ್ನಡದ್ದೇ ಉದಾಹರಣೆ ಇದೆ. ತಾಲ್ಲೂಕುಗಳ ಪಟ್ಟಿ ತೋರಿಸುವ ಒಂದು ಪುಟ. ಟೆಸ್ಟಿನಲ್ಲಿ ನಿರೀಕ್ಷಿತ ಕ್ರಮ: ಮೊದಲು ಬಳ್ಳಾರಿ, ಆಮೇಲೆ ಬಸವಕಲ್ಯಾಣ. ಪ್ರಾಥಮಿಕ ಶಾಲೆಯ ಮಗುವನ್ನು ಕೇಳಿದರೂ ಇದು ತಪ್ಪು ಎನ್ನುತ್ತದೆ. ಯ ರ ಲ ವ ಶ ಷ ಸ ಹ ಳ. ‘ಸ’ ಮೊದಲು, ‘ಳ’ ಕೊನೆಗೆ. ಯೂನಿಕೋಡ್ ಮಾತ್ರ ಭಾರತದ ಲಿಪಿಗಳನ್ನೆಲ್ಲ ಇಸ್ಕಿ ಎಂಬ ನಮ್ಮದೇ ಹಳೆಯ ಸಂಕೇತ ಪದ್ಧತಿಯ ಒಂದೇ ಅಚ್ಚಿನಲ್ಲಿ ಕೂರಿಸಿದೆ. ಅಲ್ಲಿ ‘ಲ’ದ ಪಕ್ಕದಲ್ಲೇ ‘ಳ’, ‘ವ’ ‘ಶ’ ‘ಸ’ಗಳು ಆಮೇಲೆ. ಡೇಟಾಬೇಸ್ ಭಾಷೆಯ ಗೊಡವೆಯಿಲ್ಲದೆ ಬರೀ ಸಂಕೇತ ಸಂಖ್ಯೆ ನೋಡಿ ವಿಂಗಡಿಸಿದರೆ ಬಳ್ಳಾರಿ ಮುಂದೆ ಬರುತ್ತದೆ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ (ಆಸ್ಪತ್ರೆಯದಲ್ಲ) ಕನ್ನಡ ವಿಂಗಡಣೆಗೆ ಬದಲಾದರೆ ಬಸವಕಲ್ಯಾಣ ಮುಂದೆ ಬರುತ್ತದೆ, ಟೆಸ್ಟು ಕೆಂಪಾಗುತ್ತದೆ.

ಇಲ್ಲಿ ಟೆಸ್ಟು ತಪ್ಪು, ಹೊಸದು ಸರಿ. ಆ ತಪ್ಪು ಟೆಸ್ಟಿನೊಳಗೆ ಹೇಗೆ ಬಂತು? ಬರೆದವರು ಅಕ್ಷರಮಾಲೆ ನೋಡಿ ಬರೆಯಲಿಲ್ಲ. ಪ್ರೋಗ್ರಾಂ ಓಡಿಸಿ, ಪರದೆಯ ಮೇಲೆ ಬಂದದ್ದನ್ನು ನಕಲು ಮಾಡಿ, ಅದನ್ನೇ ಸರಿಯುತ್ತರ ಎಂದು ಅಂಟಿಸಿದರು. ಉತ್ತರ ನೋಡಿಕೊಂಡು ಲೆಕ್ಕ ಬರೆದ ಹಾಗೆ. ರೂಢಿಗೆ ಕರಾರಿನ ಮೊಹರು ಬೀಳುವುದು ಈ ಜಾಗದಲ್ಲೇ. ಈಗಿನ ಸಾಧನಗಳಲ್ಲಿ ಇಂಥ ನಕಲುಗಳನ್ನೆಲ್ಲ ಒಂದೇ ಆಜ್ಞೆಯಿಂದ ಹೊಸದಾಗಿ ತೆಗೆದುಕೊಳ್ಳಬಹುದು. ಆ ಆಜ್ಞೆ ಕೊಟ್ಟರೆ ಈ ಸಲ ಸರಿಯಾದ ಕ್ರಮವೇ ದಾಖಲಾಗುತ್ತದೆ ನಿಜ. ಆದರೆ ಪಕ್ಕದ ಟೆಸ್ಟಿನಲ್ಲಿ ಸಾಲೊಂದು ಕಾಣೆಯಾಗಿದ್ದರೆ ಅದೂ ಅದೇ ಆಜ್ಞೆಯಿಂದ ಸರಿಯುತ್ತರವಾಗಿಬಿಡುತ್ತದೆ. ತಿದ್ದುವುದಾದರೆ ಒಂದೊಂದಾಗಿ, ಯಾಕೆ ತಿದ್ದಿದೆ ಎಂದು ಬರೆದು ತಿದ್ದಬೇಕು.

ವಿಂಗಡಣೆಯ ವಿಷಯ ಬರೀ ಟೆಸ್ಟಿನ ಅಂದಚಂದದ್ದಲ್ಲ. ಲಿನಕ್ಸ್‌ನ ಬುನಾದಿ ಲೈಬ್ರರಿಯಾದ ಜಿಲಿಬ್‌ಸಿ 2018ರ ಆಗಸ್ಟ್‌ನಲ್ಲಿ 2.28ಕ್ಕೆ ಬಂದಾಗ ಅದರ ವಿಂಗಡಣೆಯ ನಿಯಮಗಳು ಬದಲಾದವು. ಅಮೆರಿಕನ್ ಇಂಗ್ಲಿಷಿನ ವಿಂಗಡಣೆಯಲ್ಲಿ ಹನ್ನೊಂದು ಎಂಬ ‘11’ ಮುಂಚೆ ನಡುವೆ ಗೆರೆಯಿರುವ ‘1-1’ಕ್ಕಿಂತ ಮೊದಲು ಬರುತ್ತಿತ್ತು, ಆಮೇಲೆ ತಿರುಗುಮುರುಗಾಯಿತು. ಪೋಸ್ಟ್‌ಗ್ರೆಸ್ ಈ ನಿಯಮಗಳನ್ನು ನಂಬಿ ಇಂಡೆಕ್ಸ್ ಕಟ್ಟಿಕೊಂಡಿರುತ್ತದೆ. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸಿನಲ್ಲಿ ಹೊಸ ಕ್ರಮದಿಂದ ಹುಡುಕಿದರೆ ಇರುವ ಸಾಲೂ ಸಿಗದೇ ಹೋಗಬಹುದು. ಟೆಸ್ಟಿನಲ್ಲಿ ಎರಡು ಹೆಸರು ಅದಲುಬದಲಾದದ್ದನ್ನು ಕ್ಷುಲ್ಲಕ ಎಂದು ತಿದ್ದಿ ಮುಂದೆ ಹೋದವರು, ಅದೇ ಕಾರಣ ತಮ್ಮ ನಿಜವಾದ ಡೇಟಾಬೇಸಿನಲ್ಲಿ ಏನು ಮಾಡುತ್ತಿದೆ ಎಂದು ಕೇಳಿಕೊಳ್ಳಲಿಲ್ಲ. ಕಾರಣ ಗೊತ್ತಿಲ್ಲದ ದುರಸ್ತಿಗೆ ಇರುವ ಅಪಾಯ ಇದು: ಚಿಕ್ಕ ಗಾಯ ಮುಚ್ಚುತ್ತದೆ, ದೊಡ್ಡದು ಒಳಗೆ ಉಳಿಯುತ್ತದೆ.

ನನ್ನ ವಾದಕ್ಕೆ ಗಟ್ಟಿಯಾದ ಎರಡು ಆಕ್ಷೇಪಗಳಿವೆ. ಮೊದಲನೆಯದು ಸಮಯದ್ದು. “ಸಂಜೆ ರಿಲೀಸ್ ಇದೆ, ನೀವು ಮದ್ರಾಸ್ ಸಮಯದ ಇತಿಹಾಸ ಓದ್ತಾ ಕೂತಿದ್ದೀರಿ” ಎಂದು ಮ್ಯಾನೇಜರ್ ಕೇಳಿದರೆ ತಪ್ಪೇನಿದೆ? ತಪ್ಪಿಲ್ಲ. ಹಳೆಯ ಆವೃತ್ತಿಯನ್ನು ಹಿಡಿದು ನಿಲ್ಲಿಸುವುದು, ನಮ್ಮವರ ಮಾತಿನಲ್ಲಿ ‘ಪಿನ್’ ಮಾಡುವುದು, ಮರ್ಯಾದೆಯ ಕೆಲಸವೇ. ಜಾಂಗೋ 2.2 ಬಳಸುವವರಿಗೆ ಸೈಕಾಪ್‌ಜಿ2ನ್ನು 2.9ರ ಕೆಳಗೇ ಇಟ್ಟುಕೊಳ್ಳುವುದು ಸರಿಯಾದ ದಾರಿಯಾಗಿತ್ತು. ಆದರೆ ಕಾರಣ ತಿಳಿದು ಪಿನ್ ಮಾಡಿದವರು ಪಕ್ಕದಲ್ಲಿ ಒಂದು ಸಾಲು ಬರೆದಿರುತ್ತಾರೆ: ಜಾಂಗೋ ಮೇಲಕ್ಕೆ ಹೋದ ದಿನ ಇದನ್ನು ತೆಗೆಯಬಹುದು. ತಿಳಿಯದೆ ಮಾಡಿದವರ ಪಿನ್ ಐದು ವರ್ಷವಾದರೂ ಅಲ್ಲೇ ಇರುತ್ತದೆ; ತೆಗೆಯಲು ಯಾರಿಗೂ ಧೈರ್ಯವಿಲ್ಲ. ಅಷ್ಟರಲ್ಲಿ ಭದ್ರತೆಯ ತೇಪೆಗಳೆಲ್ಲ ಹೊಸ ಆವೃತ್ತಿಗಳಿಗೆ ಮಾತ್ರ ಬರುತ್ತಿರುತ್ತವೆ. ಸಮಯ ಉಳಿಸಿದ್ದೇವೆ ಎಂದುಕೊಂಡದ್ದು ಬಡ್ಡಿಗೆ ತಂದ ಸಾಲವಾಗಿರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ: ಕೆಲವು ಕೆಂಪುಗಳಿಗೆ ನಿಜವಾಗಿಯೂ ಅರ್ಥವಿಲ್ಲ. ಇದನ್ನು ಒಪ್ಪುತ್ತೇನೆ. ಜಾವಾ ಲೋಕದಲ್ಲಿ ನಿಜವಾದ ಡೇಟಾಬೇಸಿನ ಬದಲು ಟೆಸ್ಟುಗಳಿಗೆ ಎಚ್2 ಎಂಬ ಹಗುರ ಡೇಟಾಬೇಸನ್ನು ನಿಲ್ಲಿಸುವ ಪದ್ಧತಿಯಿದೆ, ತಾಲೀಮಿಗೆ ಮುಖ್ಯ ವೇಷಧಾರಿಯ ಬದಲು ಬೇರೊಬ್ಬ ನಿಂತ ಹಾಗೆ. 2022ರ ಮೇ ತಿಂಗಳಲ್ಲಿ ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ 2.7ನೆಯ ಆವೃತ್ತಿ ಬಂದು ಎಚ್2ನ್ನು 2.1ಕ್ಕೆ ಏರಿಸಿತು. ಅಲ್ಲಿ ‘ಯೂಸರ್’ ಎಂಬುದು ಕಾದಿರಿಸಿದ ಪದ. ಯೂಸರ್ ಎಂಬ ಹೆಸರಿನ ಕೋಷ್ಟಕ ಯಾರ ಹತ್ತಿರ ಇರುವುದಿಲ್ಲ? ಟೆಸ್ಟುಗಳು ಸಾಲಾಗಿ ಬಿದ್ದವು. ನಿಜವಾದ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದವರಿಗೆ ಆ ಹೆಸರಿನಿಂದ ಯಾವ ತೊಂದರೆಯೂ ಇರಲಿಲ್ಲ. ಅವರ ಕೆಂಪು ಹೇಳುತ್ತಿದ್ದದ್ದು ಬದಲಿ ವೇಷಧಾರಿಯ ವಿಷಯ ಮಾತ್ರ. ಆದರೆ ಹೀಗೆಂದು ಗೊತ್ತಾದದ್ದೂ ಕಾರಣ ಹುಡುಕಿದ ಮೇಲೆಯೇ. ಮತ್ತು ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ ಏಳಬೇಕು: ಬದಲಿಯವನು ಬಿದ್ದಾಗ ಅದು ನಾಟಕದ ಸೋಲಲ್ಲ ಎಂದಾದರೆ, ಇಷ್ಟು ವರ್ಷ ಅವನು ಗೆದ್ದದ್ದು ನಾಟಕದ ಗೆಲುವಾಗಿತ್ತೇ?

ಬಲ್ಲವರು ರೂಢಿ ಬೇರುಬಿಡುವ ಮುಂಚೆಯೇ ಅದನ್ನು ಅಲುಗಿಸುತ್ತಾರೆ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಸ್ವಿಚ್ ಇದೆ. ಹಾಕಿದರೆ, ಕ್ರಮ ಹೇಳದ ಪ್ರಶ್ನೆಗಳಿಗೆ ಉತ್ತರವನ್ನು ಬೇಕೆಂದೇ ತಲೆಕೆಳಗು ಮಾಡಿ ಕೊಡುತ್ತದೆ. ಕ್ರಮವನ್ನು ಸುಮ್ಮನೆ ನಂಬಿದ ಟೆಸ್ಟು ಅವತ್ತೇ ಬೀಳುತ್ತದೆ. ಗೋ ಭಾಷೆಯವರು ಮ್ಯಾಪ್ ಎಂಬ ರಚನೆಯನ್ನು ಓದುವ ಕ್ರಮವನ್ನು ಪ್ರತಿ ಸಲವೂ ಕಲಸುತ್ತಾರೆ, ಯಾರೂ ಅದಕ್ಕೆ ಜೋತುಬೀಳದಿರಲಿ ಎಂದು. ನಾವೂ ಅಷ್ಟು ಮಾಡಬಹುದು: ಒಂದೇ ಸಲ ಐದು ಲೈಬ್ರರಿ ಏರಿಸದೆ ಒಂದೊಂದನ್ನೇ ಏರಿಸುವುದು, ವರ್ಷಕ್ಕೊಮ್ಮೆ ದೊಡ್ಡ ನೆಗೆತದ ಬದಲು ತಿಂಗಳಿಗೊಂದು ಚಿಕ್ಕ ಹೆಜ್ಜೆ ಇಡುವುದು, ಟೆಸ್ಟಿನ ಕೊನೆಗೆ ಹಳದಿ ಬಣ್ಣದಲ್ಲಿ ಬರುವ ಎಚ್ಚರಿಕೆಗಳನ್ನು ಓದುವುದು. ಗೋಡೆಯ ಬರಹ ಅದೇ.

ಊರಿನ ಬಸ್ಸಿನ ಕಥೆ ಅವತ್ತಿಗೆ ಮುಗಿಯಲಿಲ್ಲ. ವಾರದೊಳಗೆ ಎಲ್ಲರೂ ಆರೂ ಹತ್ತಕ್ಕೇ ಸ್ಟ್ಯಾಂಡಿಗೆ ಬರತೊಡಗಿದರು. ಒಂದೆರಡು ತಿಂಗಳಿಗೆ ಹೊಸ ಡ್ರೈವರಿಗೆ ವರ್ಗವಾಗಿ ಹಳಬ ಮರಳಿ ಬಂದ, ಬಸ್ಸು ಮತ್ತೆ ಆರೂವರೆಯಾಯಿತು. ಕೆಲವರು ತಿರುಗಿ ಹಳೇ ಅಭ್ಯಾಸಕ್ಕೆ ಹೋದರು. ನಮ್ಮಜ್ಜ ಹೋಗಲಿಲ್ಲ. ದಿನಾ ಆರೂ ಹತ್ತಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ದಿನಕ್ಕೆ ಹದಿನೈದಿಪ್ಪತ್ತು ನಿಮಿಷ ದಂಡ ಎಂದು ಮನೆಯವರು ನಗುತ್ತಿದ್ದರು. ಆಮೇಲೆ ಎಷ್ಟೋ ಡ್ರೈವರುಗಳು ಬದಲಾದರು. ಅಜ್ಜನಿಗೆ ಬಸ್ಸು ತಪ್ಪಿದ್ದು ಆ ಒಂದೇ ಸಲ.